ತಲೆಗೆ ಹತ್ತಿತು, ಎದೆಗೆ ಹತ್ತಲಿಲ್ಲ: ಸೈನಿಕರನ್ನು ಹುರಿದುಂಬಿಸಲು ಮಾಡಿದ ಚಿತ್ರಗಳ ಲೆಕ್ಕ

ಬ್ರಿಟಿಷರ ಯುದ್ಧವಿಮಾನಗಳು ನೆಲದ ಮೇಲೆ ನಿಂತಿದ್ದಾಗಲೇ ಜರ್ಮನರಿಂದ ಅವನ್ನೇಕೆ ಸುಟ್ಟುಹಾಕಲಾಗಲಿಲ್ಲ? ಎರಡನೇ ಮಹಾಯುದ್ಧದ ನಡುವೆ ಅಮೆರಿಕದ ತರಬೇತಿ ಶಿಬಿರಗಳಲ್ಲಿ ಸೈನಿಕರಿಗೆ ಕೊಟ್ಟ ಪ್ರಶ್ನಾವಳಿಯಲ್ಲಿ ಈ ಪ್ರಶ್ನೆ ಇತ್ತು. ವಿಮಾನಗಳನ್ನು ಒಂದೇ ಕಡೆ ಸಾಲಾಗಿ ನಿಲ್ಲಿಸದೆ ಮೈದಾನದ ಅಂಚಿನುದ್ದಕ್ಕೂ ಚದುರಿಸಿ ಇಟ್ಟಿದ್ದರು ಎಂಬುದು ಸರಿಯುತ್ತರ. 'ದ ಬ್ಯಾಟಲ್ ಆಫ್ ಬ್ರಿಟನ್' ಎಂಬ ಸೇನಾ ಚಿತ್ರವನ್ನು ನೋಡದಿದ್ದವರಲ್ಲಿ ನೂರಕ್ಕೆ 21 ಮಂದಿ ಅದನ್ನು ಗುರುತಿಸಿದರು. ನೋಡಿದ್ದವರಲ್ಲಿ 78 ಮಂದಿ. ಒಂದು ಗಂಟೆಯೂ ಇಲ್ಲದ ಚಿತ್ರವೊಂದು ಇಷ್ಟು ಕಲಿಸಿತೆಂದರೆ ಯಾವ ಮೇಷ್ಟ್ರಿಗಾದರೂ ಹೊಟ್ಟೆಕಿಚ್ಚಾಗಬೇಕು.

ಆದರೆ ಸೇನೆ ದುಡ್ಡು ಸುರಿದದ್ದು ವಿಮಾನ ನಿಲ್ಲಿಸುವ ಪಾಠಕ್ಕಲ್ಲ. ಅದಕ್ಕೆ ಬೇಕಿದ್ದದ್ದು ಇನ್ನೊಂದು ಉತ್ತರ: ಕಡಲಾಚೆಗೆ ಹೋಗಿ ಕಾದಾಡಲು ನಿನಗೆ ಮನಸ್ಸಿದೆಯೇ? ಈ ಪ್ರಶ್ನೆಗೆ ಬಂದಾಗ ಚಿತ್ರ ನೋಡಿದವರಿಗೂ ನೋಡದವರಿಗೂ ಲೆಕ್ಕಕ್ಕೆ ಹಿಡಿಯುವಂಥ ವ್ಯತ್ಯಾಸವೇ ಕಾಣಲಿಲ್ಲ.

ಎಂಬತ್ತು ವರ್ಷ ಹಳೆಯ ಈ ಫಲಿತಾಂಶವನ್ನು ಈಗ ಕೆದಕಲು ಕಾರಣವಿದೆ. ಇವತ್ತು ಪ್ರತಿ ಸೇನೆಗೂ ಒಂದು ವಿಡಿಯೋ ವಿಭಾಗ ಇದೆ. ಉಕ್ರೇನ್ ಯುದ್ಧದಲ್ಲಿ ಡ್ರೋನ್ ಚಿತ್ರಿಸಿದ ದಾಳಿಗಳಿಗೆ ಸಂಗೀತ ಕೂಡಿಸಿ ಎರಡೂ ಕಡೆಯವರು ಹಂಚಿದರು. 2025ರ ಮೇ ತಿಂಗಳ ಭಾರತ–ಪಾಕಿಸ್ತಾನ ಸಂಘರ್ಷದ ದಿನಗಳಲ್ಲಿ 'ಆರ್ಮಾ 3' ಎಂಬ ವಿಡಿಯೋ ಗೇಮಿನ ತುಣುಕುಗಳೇ ಅಸಲಿ ದಾಳಿಯ ದೃಶ್ಯಗಳೆಂದು ಮೊಬೈಲಿನಿಂದ ಮೊಬೈಲಿಗೆ ಹಾರಿದವು. ಇವುಗಳ ಯಶಸ್ಸನ್ನು ಅಳೆಯುವ ಗಜಕಡ್ಡಿ ಒಂದೇ, 'ವ್ಯೂಸ್'. ನೋಡಿದವರ ತಲೆಯಲ್ಲಿ ಏನು ಬದಲಾಯಿತು ಎಂದು ನಿಜವಾಗಿ ಅಳೆದವರು ಬಲು ಕಡಿಮೆ. ಅಳೆದದ್ದರಲ್ಲಿ ಅತ್ಯಂತ ಪ್ರಾಮಾಣಿಕವಾದ ಪ್ರಯತ್ನ ಈಗಲೂ ಆ ಹಳೇ ಅಮೆರಿಕನ್ ಸೇನೆಯದೇ.

ಮೊದಲು ಆ ಚಿತ್ರಗಳೇಕೆ ಹುಟ್ಟಿದವು ಎಂಬುದು. 1939ರಲ್ಲಿ ಅಮೆರಿಕದ ಭೂಸೇನೆಯಲ್ಲಿ 2 ಲಕ್ಷ ಜನವೂ ಇರಲಿಲ್ಲ. 1945ರ ಹೊತ್ತಿಗೆ 80 ಲಕ್ಷ ದಾಟಿತ್ತು. ಹೆಚ್ಚಿನವರು ಕಡ್ಡಾಯ ಭರ್ತಿಯಲ್ಲಿ ಬಂದ ಹುಡುಗರು. 1941ರ ಆಗಸ್ಟಿನಲ್ಲಿ ಅವರ ಸೇವಾವಧಿ ವಿಸ್ತರಿಸುವ ಮಸೂದೆ ಕೆಳಮನೆಯಲ್ಲಿ 203–202ರಿಂದ, ಅಂದರೆ ಒಂದೇ ಒಂದು ಮತದಿಂದ ಪಾಸಾಯಿತು. ಬ್ಯಾರಕ್ಕುಗಳ ಗೋಡೆ ಮೇಲೆ ಸೀಮೆಸುಣ್ಣದಲ್ಲಿ 'ಓಹಾಯೋ' ಎಂಬ ಬರಹ ಕಾಣಿಸಿಕೊಳ್ಳತೊಡಗಿತ್ತು. ಅದು ರಾಜ್ಯದ ಹೆಸರಲ್ಲ. ಅಕ್ಟೋಬರಿಗೆ ಗುಡ್ಡ ಹತ್ತಿ ಪರಾರಿಯಾಗುತ್ತೇವೆ ಎಂಬ ಇಂಗ್ಲಿಷ್ ಮಾತಿನ ಮೊದಲಕ್ಷರಗಳು. ಇವರಿಗೆ ಯುದ್ಧದ ಹಿನ್ನೆಲೆ ತಿಳಿಸಲು ಸೇನೆ 15 ಉಪನ್ಯಾಸಗಳನ್ನು ಸಿದ್ಧಪಡಿಸಿತ್ತು. ದಿನವಿಡೀ ಕವಾಯತು ಮಾಡಿ ಬಂದ ಹುಡುಗರೆದುರು ಅಧಿಕಾರಿಯೊಬ್ಬ ನಿಂತು ಕಾಗದ ನೋಡಿ ಓದುತ್ತಿದ್ದ. ಕೇಳುವವರು ತೂಕಡಿಸುತ್ತಿದ್ದರು.

ಸೇನಾ ಮುಖ್ಯಸ್ಥ ಜಾರ್ಜ್ ಮಾರ್ಷಲ್ ಈ ಉಪನ್ಯಾಸಗಳನ್ನೇ ಸಿನಿಮಾ ಮಾಡಿಸಲು ಹೊರಟರು. ಹಾಸ್ಯಚಿತ್ರಗಳಿಗೆ ಹೆಸರಾದ ಫ್ರ್ಯಾಂಕ್ ಕಾಪ್ರಾ ಪರ್ಲ್ ಹಾರ್ಬರ್ ದಾಳಿಯ ಬೆನ್ನಿಗೇ ಸೇನೆ ಸೇರಿ ಮೇಜರ್ ಆಗಿದ್ದರು; ಕೆಲಸ ಅವರ ಹೆಗಲಿಗೆ ಬಿತ್ತು. ಸಾಕ್ಷ್ಯಚಿತ್ರವೊಂದನ್ನೂ ಅವರು ಅದುವರೆಗೆ ಮಾಡಿರಲಿಲ್ಲ. 1942ರಿಂದ 1945ರವರೆಗೆ 'ವೈ ವಿ ಫೈಟ್' ಎಂಬ ಸರಣಿಯಲ್ಲಿ ಏಳು ಚಿತ್ರ ಬಂದವು; 'ದ ಬ್ಯಾಟಲ್ ಆಫ್ ಬ್ರಿಟನ್' ಅವುಗಳಲ್ಲೊಂದು. ಮೊದಲನೆಯದು 52 ನಿಮಿಷದ 'ಪ್ರಿಲ್ಯೂಡ್ ಟು ವಾರ್'. ಅದು ಆಸ್ಕರನ್ನೂ ಹಂಚಿಕೊಂಡಿತು. 'ದ ಬ್ಯಾಟಲ್ ಆಫ್ ರಷ್ಯಾ' 80 ನಿಮಿಷ ದಾಟಿತು. ಕಡಲಾಚೆಗೆ ಹೊರಡುವ ಮೊದಲು ಸೈನಿಕರು ಇವನ್ನು ನೋಡಲೇಬೇಕೆಂದು ನಿಯಮ ಮಾಡಿದರು.

ನ್ಯೂಯಾರ್ಕಿನ ಮ್ಯೂಸಿಯಂ ಆಫ್ ಮಾಡರ್ನ್ ಆರ್ಟ್‌ನಲ್ಲಿದ್ದ ಲೆನಿ ರೀಫೆನ್‌ಸ್ಟಾಲ್ ಅವರ 'ಟ್ರಯಂಫ್ ಆಫ್ ದ ವಿಲ್' ಚಿತ್ರವನ್ನು ಕಾಪ್ರಾ ನೋಡಿದರು. 1934ರ ನ್ಯೂರೆಂಬರ್ಗ್ ನಾಜಿ ಸಮಾವೇಶದ ಆ ಚಿತ್ರದಲ್ಲಿ ಗುಂಡಿಲ್ಲ, ರಕ್ತವಿಲ್ಲ. ಬರೀ ಸಾಲು, ಧ್ವಜ, ಜಯಘೋಷ. ಇದಕ್ಕೆ ಸರಿಸಾಟಿಯಾದ ಹೊಸ ದೃಶ್ಯ ಚಿತ್ರಿಸಲು ಹಣವೂ ಇಲ್ಲ, ಸಮಯವೂ ಇಲ್ಲ. ಹಾಗಾಗಿ ಶತ್ರುವಿನ ಫಿಲ್ಮನ್ನೇ ಕತ್ತರಿಸಿ ಶತ್ರುವಿಗೇ ತಿರುಗಿಸುವುದು ಅವರ ಉಪಾಯವಾಯಿತು. ಜಪ್ತಿಯಾದ ಜರ್ಮನ್ ಮತ್ತು ಜಪಾನಿ ರೀಲುಗಳು, ನ್ಯೂಸ್‌ರೀಲ್ ಕಂಪನಿಗಳ ಗೋದಾಮು, ಮಿತ್ರರಾಷ್ಟ್ರಗಳು ಕೊಟ್ಟ ತುಣುಕುಗಳು, ಸಾಲದ್ದಕ್ಕೆ ಕಥಾಚಿತ್ರಗಳ ದೃಶ್ಯಗಳು, ಇವು ಕಚ್ಚಾವಸ್ತು. ಎಡಿಟಿಂಗ್ ಮೇಜಿನ ಮೇಲೆ ವಿಲಿಯಂ ಹಾರ್ನ್‌ಬೆಕ್, ಸಹನಿರ್ದೇಶನಕ್ಕೆ ಅನಾಟೋಲ್ ಲಿಟ್ವಾಕ್, ಸಂಗೀತಕ್ಕೆ ಡಿಮಿಟ್ರಿ ಟಿಯೋಮ್ಕಿನ್, ನಿರೂಪಣೆಗೆ ನಟ ವಾಲ್ಟರ್ ಹ್ಯೂಸ್ಟನ್. ಚಲಿಸುವ ನಕಾಶೆಗಳು ಡಿಸ್ನಿ ಸ್ಟುಡಿಯೋದವು.

ಆ ನಕಾಶೆಗಳ ಬಗ್ಗೆ ಎರಡು ಮಾತು ಹೇಳಲೇಬೇಕು, ಏಕೆಂದರೆ ಚಿತ್ರದ ಬೆನ್ನೆಲುಬು ಅವೇ. ನ್ಯೂಸ್‌ರೀಲ್ ತುಣುಕಿನಲ್ಲಿ ಒಂದು ಟ್ಯಾಂಕು ಎಡದಿಂದ ಬಲಕ್ಕೆ ಹೋಗುತ್ತದೆ. ಅದು ಪೋಲೆಂಡೋ ಫ್ರಾನ್ಸೋ ಯಾರಿಗೆ ಗೊತ್ತು? ನಕಾಶೆ ಮೊದಲು ಬಂದು, ಕಪ್ಪು ಬಣ್ಣ ಶಾಯಿಯಂತೆ ಗಡಿ ದಾಟಿ ಹರಡಿ, ಬಾಣವೊಂದು ಇಕ್ಕುಳದಂತೆ ಬಾಗಿದ ಮೇಲೆ ಅದೇ ಟ್ಯಾಂಕಿಗೆ ಊರು, ದಿಕ್ಕು, ಉದ್ದೇಶ ಎಲ್ಲ ಬಂದುಬಿಡುತ್ತವೆ. ಒಂದು ಕಡೆ ಸ್ವಸ್ತಿಕದ ಆಕಾರದ ಗೆದ್ದಲು ಕೋಟೆಯೊಂದರ ಬುಡ ಕೊರೆಯುತ್ತದೆ. ಒಳಗಿನ ದ್ರೋಹಿಗಳ ಬಗ್ಗೆ ಹತ್ತು ನಿಮಿಷ ಭಾಷಣ ಬಿಗಿದರೂ ಅಷ್ಟು ನಾಟದು. ಇನ್ನೊಂದು ಕಡೆ ಚರ್ಚಿನ ಬಣ್ಣದ ಗಾಜಿನ ಕಿಟಕಿ. ಕಲ್ಲು ತೂರಿ ಬಂದು ಗಾಜು ಚೂರುಚೂರಾಗುತ್ತದೆ, ಹಿಂದೆ ಹಿಟ್ಲರನ ಪೋಸ್ಟರ್ ಕಾಣಿಸುತ್ತದೆ. ಇದು ಎಲ್ಲೂ ನಡೆದ ಘಟನೆಯಲ್ಲ, ಸೆಟ್ಟು ಹಾಕಿ ತೆಗೆದದ್ದು. ಆದರೆ ಮುಂದಿನ ದೃಶ್ಯ ಅಸಲಿ ನ್ಯೂಸ್‌ರೀಲು. ಎರಡರ ನಡುವೆ ಯಾವ ಗೆರೆಯೂ ಇಲ್ಲ.

'ಪ್ರಿಲ್ಯೂಡ್ ಟು ವಾರ್' ಲೋಕವನ್ನು ಎರಡು ಗೋಳಗಳಾಗಿ ಸೀಳಿಟ್ಟಿತು, ಒಂದು ಬೆಳಕಿನದು, ಇನ್ನೊಂದು ಕತ್ತಲೆಯದು. ಸ್ವತಂತ್ರರ ಲೋಕ, ಗುಲಾಮರ ಲೋಕ. ಜಪಾನ್ ಮಂಚೂರಿಯಾಕ್ಕೆ ನುಗ್ಗಿದ 1931ರ ಸೆಪ್ಟೆಂಬರ್ 18ನ್ನು ಪರ್ಲ್ ಹಾರ್ಬರಿನ ದಿನದಷ್ಟೇ ನೆನಪಿಡಿ ಎಂದಿತು. ಜಪಾನಿ ಸೈನಿಕರು ವಾಷಿಂಗ್ಟನ್ನಿನ ರಾಜಬೀದಿಯಲ್ಲಿ ಹೆಜ್ಜೆ ಹಾಕುತ್ತಿರುವಂತೆ ಎರಡು ಚಿತ್ರಗಳನ್ನು ಒಂದರ ಮೇಲೊಂದು ಮುದ್ರಿಸಿ ತೋರಿಸಿತು. ದೂರದ ಯುದ್ಧವನ್ನು ಮನೆಯಂಗಳಕ್ಕೆ ತರುವ ಈ ತಂತ್ರ ಈಗ ಎಲ್ಲರಿಗೂ ಕರಗತ.

ಸೈನಿಕರೆದುರು ಚಿತ್ರ ಓಡಿಸುವುದೂ ಸುಲಭದ ಮಾತಲ್ಲ. ಥಿಯೇಟರಿನ 35 ಮಿ.ಮೀ. ಫಿಲ್ಮು ನಿಮಿಷಕ್ಕೆ 90 ಅಡಿ ಓಡುತ್ತದೆ. 52 ನಿಮಿಷದ ಚಿತ್ರಕ್ಕೆ ಸುಮಾರು 4,700 ಅಡಿ. ಅದೂ ಆ ಕಾಲದ ನೈಟ್ರೇಟ್ ಫಿಲ್ಮು, ಕಿಡಿ ತಾಗಿದರೆ ಭಗ್ಗೆನ್ನುವಂಥದ್ದು. ಡೇರೆಯೊಳಗೆ, ಹಡಗಿನ ಹೊಟ್ಟೆಯೊಳಗೆ ಅದನ್ನು ಓಡಿಸುವಂತಿಲ್ಲ. ಅಂಥ ಕಡೆಗೆ 16 ಮಿ.ಮೀ. ಪ್ರತಿ: ನಿಮಿಷಕ್ಕೆ 36 ಅಡಿ, ಒಟ್ಟು 1,900 ಅಡಿಯ ಒಳಗೆ ಮುಗಿಯುತ್ತದೆ, ಫಿಲ್ಮು ಸುಲಭಕ್ಕೆ ಹೊತ್ತಿಕೊಳ್ಳದ ಅಸಿಟೇಟಿನದು, ಪ್ರೊಜೆಕ್ಟರನ್ನು ಕೈಯಲ್ಲಿ ಹೊತ್ತೊಯ್ಯಬಹುದು. 400 ಅಡಿಯ ರೀಲಾದರೆ 11 ನಿಮಿಷಕ್ಕೊಮ್ಮೆ ಬದಲಿಸಬೇಕು, ದೀಪ ಹಾಕಬೇಕು, ಕಟ್ಟಿದ ಆವೇಶ ಇಳಿದುಹೋಗುತ್ತದೆ. 1,600 ಅಡಿಯ ದೊಡ್ಡ ರೀಲಾದರೆ ಒಂದೇ ಒಂದು ಸಲ ಬದಲಿಸಿದರೆ ಸಾಕು.

ಇನ್ನು ಎಡವಿದ್ದೆಲ್ಲಿ? ಸುಳ್ಳು ಹೇಳಿದ್ದಕ್ಕಿಂತ ಹೇಳದೆ ಬಿಟ್ಟದ್ದೇ ಹೆಚ್ಚು. 'ದ ಬ್ಯಾಟಲ್ ಆಫ್ ರಷ್ಯಾ' ಸ್ಟಾಲಿನ್‌ಗ್ರಾಡ್‌ವರೆಗಿನ ಸಾಹಸವನ್ನು ಭವ್ಯವಾಗಿ ಹೇಳುತ್ತದೆ. 1939ರ ಹಿಟ್ಲರ್–ಸ್ಟಾಲಿನ್ ಒಪ್ಪಂದದ ಬಲದಲ್ಲಿ ಸೋವಿಯತ್ ಸೇನೆಯೂ ಪೋಲೆಂಡಿನ ಅರ್ಧ ನುಂಗಿದ್ದನ್ನು, ಫಿನ್ಲೆಂಡಿನ ಮೇಲೆ ಎರಗಿದ್ದನ್ನು ನುಣ್ಣಗೆ ದಾಟಿಬಿಡುತ್ತದೆ. ಆಗ ರಷ್ಯಾ ಮಿತ್ರ. ಚಿತ್ರ ರಷ್ಯಾದ ಥಿಯೇಟರುಗಳಲ್ಲೂ ಓಡಿತು. 'ದ ಬ್ಯಾಟಲ್ ಆಫ್ ಚೈನಾ'ದಲ್ಲಿ ಚೀನಾದ ಕಮ್ಯುನಿಸ್ಟರ ಸುಳಿವೇ ಇಲ್ಲ. ಜಪಾನ್ ಲೋಕವನ್ನೇ ಗೆಲ್ಲಲು ಹೊರಟಿತ್ತು ಎನ್ನಲು ಸರಣಿ ಮತ್ತೆ ಮತ್ತೆ ಮುಂದಿಟ್ಟ 'ತನಕಾ ಯೋಜನೆ' ಎಂಬ ದಾಖಲೆಯನ್ನು ಇತಿಹಾಸಕಾರರು ಇವತ್ತು ನಕಲಿ ಎಂದೇ ಪರಿಗಣಿಸುತ್ತಾರೆ. 1940ರ ಮೇ ತಿಂಗಳಲ್ಲಿ ರೋಟರ್‌ಡ್ಯಾಮ್ ಮೇಲೆ ಬಾಂಬು ಬಿದ್ದಾಗ ಸತ್ತವರು 30,000 ಎಂದು 'ಡಿವೈಡ್ ಅಂಡ್ ಕಾಂಕರ್' ಹೇಳಿತು. ಮಿತ್ರರಾಷ್ಟ್ರಗಳಲ್ಲಿ ಆಗ ಓಡಾಡುತ್ತಿದ್ದ ಅಂಕಿಯೇ ಅದು. ಆಮೇಲೆ ಎಣಿಸಿ ನೋಡಿದರೆ ಸಾವಿರಕ್ಕೂ ಕಡಿಮೆ. ಒಂಬೈನೂರರ ಹತ್ತಿರದ ಸಾವು ಸಾಕಾಗದೆ ಹೋಯಿತೇ ಎಂಬ ಪ್ರಶ್ನೆಯೇ ಪ್ರಚಾರಚಿತ್ರದ ಮನಸ್ಸನ್ನು ತೋರಿಸುತ್ತದೆ.

ಇನ್ನೊಂದು ವೈಫಲ್ಯ ಬೇರೆ ಬಗೆಯದು. 'ನೋ ಯುವರ್ ಎನಿಮಿ: ಜಪಾನ್' ಚಿತ್ರದ ಕೆಲಸ ಶುರುವಾದದ್ದು 1942ರಲ್ಲಿ. ತಪ್ಪು ಚಕ್ರವರ್ತಿಯದೋ, ಸೇನಾಧಿಕಾರಿಗಳದೋ, ಇಡೀ ಜಪಾನಿ ಜನರದೋ ಎಂದು ಸರ್ಕಾರವೇ ತೀರ್ಮಾನಿಸಿರಲಿಲ್ಲ. ನೀತಿ ಇಲ್ಲದ ಕಡೆ ಸ್ಕ್ರಿಪ್ಟು ಎಲ್ಲಿಂದ ಬರಬೇಕು? ನಿರ್ದೇಶಕ ಜೋರಿಸ್ ಐವೆನ್ಸ್ ಅವರನ್ನು ನಡುವೆ ಕೈಬಿಟ್ಟರು, ಸ್ಕ್ರಿಪ್ಟನ್ನು ತಿದ್ದಿ ತಿದ್ದಿ ಮೂರು ವರ್ಷ ಕಳೆದರು. ಚಿತ್ರ ಹೊರಬಂದದ್ದು 1945ರ ಆಗಸ್ಟ್ 9ಕ್ಕೆ, ನಾಗಸಾಕಿಯ ಮೇಲೆ ಬಾಂಬು ಬಿದ್ದ ದಿನ. ಕೆಲವೇ ದಿನಗಳಲ್ಲಿ ಶತ್ರು ಶರಣಾದ. ಆತನ ದೇಶವನ್ನು ಆಳುವ ಹೊಣೆ ಹೊತ್ತ ಮ್ಯಾಕ್‌ಆರ್ಥರ್ ಕಡೆಯವರು ಇದನ್ನು ಸೈನಿಕರಿಗೆ ತೋರಿಸಬೇಡಿ ಎಂದರು.

ಅಳತೆಯ ಕಥೆಗೆ ಬರೋಣ. ಸಮಾಜಶಾಸ್ತ್ರಜ್ಞ ಸ್ಯಾಮ್ಯುಯೆಲ್ ಸ್ಟೌಫರ್ ಮುಖ್ಯಸ್ಥರಾಗಿದ್ದ ಸೇನೆಯ ಸಂಶೋಧನಾ ಶಾಖೆಯಲ್ಲಿ ಯೇಲ್ ವಿಶ್ವವಿದ್ಯಾಲಯದ ಕಾರ್ಲ್ ಹೋವ್‌ಲೆಂಡ್, ಜೊತೆಗೆ ಆರ್ಥರ್ ಲಮ್ಸ್‌ಡೇನ್, ಫ್ರೆಡ್ ಶೆಫೀಲ್ಡ್ ಈ ಚಿತ್ರಗಳನ್ನೇ ಪರೀಕ್ಷೆಗೆ ಒಡ್ಡಿದರು. ಫಲಿತಾಂಶ 1949ರಲ್ಲಿ ಪುಸ್ತಕವಾಗಿ ಬಂತು. ಅವರ ಕ್ರಮ ಇವತ್ತಿಗೂ ಕಣ್ಣಿಗೊತ್ತಿಕೊಳ್ಳುವಂಥದ್ದು. ಒಂದೇ ಬಗೆಯ ತುಕಡಿಗಳನ್ನು ಎರಡು ಪಾಲು ಮಾಡಿ ಒಂದಕ್ಕೆ ಚಿತ್ರ ತೋರಿಸಿದರು, ಇನ್ನೊಂದಕ್ಕೆ ಇಲ್ಲ. ಒಬ್ಬೊಬ್ಬ ಸೈನಿಕನನ್ನು ಆರಿಸದೆ ಇಡೀ ತುಕಡಿಯನ್ನೇ ಆರಿಸಿದರು. ಇಲ್ಲದಿದ್ದರೆ ನೋಡಿದವನು ರಾತ್ರಿ ಪಕ್ಕದ ಮಂಚದವನಿಗೆ ಕಥೆ ಹೇಳಿ ಲೆಕ್ಕ ಕೆಡಿಸುತ್ತಾನೆ. ಪ್ರಶ್ನಾವಳಿಯನ್ನು ಚಿತ್ರದ ಪರೀಕ್ಷೆಯೆಂದು ಹೇಳದೆ ಸೇನೆಯ ಮಾಮೂಲಿ ಅಭಿಪ್ರಾಯ ಸಮೀಕ್ಷೆ ಎಂದು ಹಂಚಿದರು. ಸೈನಿಕರು ಹೆಸರು ಬರೆಯಬೇಕಿರಲಿಲ್ಲ. ಕೆಲವು ಕಡೆ ಚಿತ್ರಕ್ಕೆ ಮುಂಚೆಯೂ ಪ್ರಶ್ನೆ ಕೇಳಿದರು, ಕೆಲವು ಕಡೆ ಆಮೇಲೆ ಮಾತ್ರ, ಏಕೆಂದರೆ ಮೊದಲ ಪ್ರಶ್ನಾವಳಿಯೇ 'ಇದನ್ನು ಗಮನಿಸು' ಎಂದು ಸನ್ನೆ ಮಾಡಿಬಿಡುವ ಅಪಾಯವಿತ್ತು.

ಸಿಕ್ಕಿದ್ದು ಮೆಟ್ಟಿಲು ಮೆಟ್ಟಿಲಾಗಿ ಇಳಿಯುವ ಚಿತ್ರಣ. ಮಾಹಿತಿಯಲ್ಲಿ ಭಾರಿ ಏರಿಕೆ. ಚಿತ್ರ ನೇರವಾಗಿ ಮುಟ್ಟಿದ ಒಂದೊಂದು ವಿಷಯದ ಬಗೆಗಿನ ಅಭಿಪ್ರಾಯದಲ್ಲಿ ಸಣ್ಣ ಏರಿಕೆ. ಬ್ರಿಟಿಷರು ಎಷ್ಟರಮಟ್ಟಿಗೆ ನಂಬಿಕಸ್ಥರು, ಅವರ ಪಾಲು ದೊಡ್ಡದೇ ಎಂಬಂಥ ವಿಶಾಲ ಪ್ರಶ್ನೆಗಳಲ್ಲಿ ಇನ್ನೂ ಕಡಿಮೆ. ಹೋರಾಡುವ ಇಚ್ಛೆಯಲ್ಲಿ ಏನೂ ಇಲ್ಲ. ಯುದ್ಧ ಏಕೆ ಎಂದು ತಿಳಿದರೆ ಹುರುಪು ತಾನಾಗಿ ಹುಟ್ಟುತ್ತದೆ ಎಂಬ ಮಾರ್ಷಲ್–ಕಾಪ್ರಾ ನಂಬಿಕೆಯ ಬುಡವೇ ಅಲ್ಲಿ ಅಲುಗಿತು. ಅದೇ ಶಾಖೆ ಇಟಲಿಯ ಕಾಳಗ ಕಂಡ ಸೈನಿಕರನ್ನು 'ಮುಂದೆ ಸಾಗಲು ನಿಮ್ಮನ್ನು ಹಿಡಿದೆತ್ತಿದ್ದು ಯಾವುದು' ಎಂದು ಕೇಳಿದಾಗ ಧ್ಯೇಯ, ಆದರ್ಶ ಎಂದವರು ನೂರಕ್ಕೆ ಐವರ ಆಸುಪಾಸು. ಹೆಚ್ಚಿನವರ ಉತ್ತರ, ಈ ಕೆಲಸ ಮುಗಿಸಿ ಮನೆ ಸೇರಬೇಕು ಎಂಬುದು. ಅದರ ನಂತರ, ಪಕ್ಕದವನ ಕೈ ಬಿಡಬಾರದು ಎಂಬುದು. ಪಕ್ಕದವನನ್ನು ಯಾವ ರೀಲಿನಲ್ಲಿ ಸುತ್ತಿ ಕೊಡುತ್ತೀರಿ?

ಆದರೆ ಚಿತ್ರಗಳು ವ್ಯರ್ಥ ಎಂದು ಇಲ್ಲಿಗೇ ಷರಾ ಬರೆದರೆ ಪಾಠದ ಅರ್ಧ ಮಾತ್ರ ಓದಿದಂತೆ. ಹೋವ್‌ಲೆಂಡ್ ತಂಡ ಕೆಲವು ತುಕಡಿಗಳನ್ನು ಚಿತ್ರ ತೋರಿಸಿದ ಐದನೇ ದಿನ ಪ್ರಶ್ನಿಸಿತು, ಬೇರೆ ತುಕಡಿಗಳನ್ನು ಒಂಬತ್ತು ವಾರಗಳ ಮೇಲೆ. ನಿರೀಕ್ಷೆಯಂತೆ ಮಾಹಿತಿ ಸೋರಿಹೋಗಿತ್ತು. ಕಲಿತದ್ದರಲ್ಲಿ ಸುಮಾರು ಅರ್ಧ ಉಳಿದಿತ್ತು. ನಿರೀಕ್ಷೆ ಮೀರಿದ್ದು ಬೇರೆ: ಕೆಲವು ಅಭಿಪ್ರಾಯಗಳು ಒಂಬತ್ತು ವಾರದ ಮೇಲೆ ಐದನೇ ದಿನಕ್ಕಿಂತ ಗಟ್ಟಿಯಾಗಿದ್ದವು. ಸೈನಿಕ ವಿವರ ಮರೆತಿದ್ದ, ಅವನ ಅಭಿಪ್ರಾಯ ಬೆಳೆದಿತ್ತು. ಇದಕ್ಕೆ ಅವರು 'ಸ್ಲೀಪರ್ ಎಫೆಕ್ಟ್' ಎಂದು ಹೆಸರಿಟ್ಟರು. ಒಂದು ವಿವರಣೆ ಹೀಗೆ: 'ಇದು ಸೇನೆಯವರು ತೋರಿಸಿದ ಪ್ರಚಾರ' ಎಂಬ ಅನುಮಾನ ಮೊದಲು ಅಡ್ಡ ನಿಂತಿರುತ್ತದೆ. ದಿನ ಕಳೆದಂತೆ ಯಾರು ಹೇಳಿದ್ದೆಂಬುದು ಮಾಸುತ್ತದೆ, ಹೇಳಿದ್ದು ಉಳಿಯುತ್ತದೆ, ಕೊನೆಗೆ ಅದು ತನ್ನದೇ ವಿಚಾರದಂತೆ ಕೂತುಬಿಡುತ್ತದೆ.

ಈ ಪರಿಣಾಮ ನಿಜವೇ ಎಂದು ಮನಃಶಾಸ್ತ್ರಜ್ಞರು ಆಮೇಲೆ ದಶಕಗಟ್ಟಲೆ ಕಚ್ಚಾಡಿದರು. ಪ್ರಯೋಗಾಲಯದಲ್ಲಿ ಅದು ಒಮ್ಮೆ ಸಿಕ್ಕರೆ ಇನ್ನೊಮ್ಮೆ ಸಿಗುತ್ತಿರಲಿಲ್ಲ. 1988ರಲ್ಲಿ ಆಂಥೊನಿ ಪ್ರಟ್ಕಾನಿಸ್ ಮತ್ತು ಸಂಗಡಿಗರು ಗಂಟು ಬಿಡಿಸಿದರು. 'ಇದನ್ನು ನಂಬಬೇಡ' ಎಂಬ ಎಚ್ಚರಿಕೆ ಸಂದೇಶಕ್ಕಿಂತ ಮೊದಲು ಬಂದರೆ ಪರಿಣಾಮ ಕಾಣುವುದಿಲ್ಲ. ಸಂದೇಶ ಕೇಳಿಯಾದ ಮೇಲೆ ಬಂದರೆ ಕಾಣುತ್ತದೆ. ಈಗ ಮೊಬೈಲನ್ನು ನೆನೆಯಿರಿ. ವಿಡಿಯೋ ಮೊದಲು, ಫ್ಯಾಕ್ಟ್‌ಚೆಕ್ ಆಮೇಲೆ. ಸಂಜೆ ಗೇಮಿನ ತುಣುಕು ನೋಡಿ ಮೈ ಜುಮ್ಮೆನ್ನುತ್ತದೆ, ಮರುದಿನ 'ಇದು ನಕಲಿ' ಎಂಬ ಕೆಂಪು ಮುದ್ರೆ ಬರುತ್ತದೆ. ಕೆಲವು ವಾರಗಳಲ್ಲಿ ಮುದ್ರೆ ಮಾಸಿ, ಜುಮ್ಮೆಂದದ್ದು ಉಳಿಯಲು ಇದಕ್ಕಿಂತ ಹದವಾದ ಮಣ್ಣು ಬೇರೆ ಬೇಕಿಲ್ಲ.

ಒಂದೇ ಪಕ್ಷ ಹೇಳಬೇಕೋ ಎರಡೂ ಹೇಳಬೇಕೋ ಎಂಬುದನ್ನೂ ಅದೇ ತಂಡ ಪರೀಕ್ಷಿಸಿತು. 1945ರಲ್ಲಿ ಜರ್ಮನಿ ಸೋಲುವ ಅಂಚಿಗೆ ಬಂದಾಗ ಸೈನಿಕರಲ್ಲಿ 'ಇನ್ನೇನು, ಜಪಾನೂ ಬಿದ್ದಂತೆಯೇ' ಎಂಬ ಸಡಿಲ ಕಂಡಿತ್ತು. ಜಪಾನ್ ಯುದ್ಧ ಬಹಳ ಕಾಲ ನಡೆಯುತ್ತದೆ ಎಂದು ಮನಗಾಣಿಸಲು ಎರಡು ರೇಡಿಯೋ ಕಾರ್ಯಕ್ರಮ ಮಾಡಿದರು. ಒಂದರಲ್ಲಿ ಬರೀ ತಮ್ಮ ವಾದ. ಇನ್ನೊಂದರಲ್ಲಿ ಅದೇ ವಾದದ ನಡುವೆ ಎದುರುವಾದವನ್ನೂ ಒಪ್ಪಿ ಹೇಳಿದ ನಾಲ್ಕಾರು ನಿಮಿಷ. ಮೊದಲೇ ಒಪ್ಪಿದ್ದವರಿಗೆ, ಹೆಚ್ಚು ಓದದವರಿಗೆ ಏಕಪಕ್ಷದ್ದು ಚೆನ್ನಾಗಿ ನಾಟಿತು. ಒಪ್ಪದವರಿಗೆ, ಹೈಸ್ಕೂಲು ಮುಗಿಸಿದವರಿಗೆ ಎರಡೂ ಕಡೆಯದು. ಹೀಗೆ ನೋಡಿದರೆ, ಈಗಾಗಲೇ ಒಪ್ಪಿದವರ ಗುಂಪಿಗೆ ಏಕಪಕ್ಷದ ವಿಡಿಯೋ ಕಳಿಸುವುದು ಸುಲಭದ ದುಡಿಮೆ, ಚಪ್ಪಾಳೆಯೂ ಗ್ಯಾರಂಟಿ. ಮನಸ್ಸು ಬದಲಾಗಬೇಕಾದ ಕೇಳುಗ ಆ ಗುಂಪಿನಲ್ಲೇ ಇಲ್ಲ.

ಬ್ರಿಟಿಷರ ಭಾರತದಲ್ಲಿ ಇದೇ ಕೆಲಸ ಬೇರೆ ದಾರಿ ಹಿಡಿಯಿತು. ಇಲ್ಲಿ ಸುಮಾರು 25 ಲಕ್ಷ ಜನ ಸೇನೆಯಲ್ಲಿದ್ದರು, ಎಲ್ಲರೂ ತಾವಾಗಿ ಸೇರಿದವರು, ಹೆಚ್ಚಿನವರು ಸಂಬಳಕ್ಕಾಗಿ. 'ಸ್ವತಂತ್ರರ ಲೋಕ, ಗುಲಾಮರ ಲೋಕ' ಎಂದು ಗುಲಾಮ ದೇಶದ ಸೈನಿಕನಿಗೆ ಹೇಳುವ ಬಾಯಿ ಯಾರಿಗಿತ್ತು? ಬರ್ಮಾ ಗಡಿಯಲ್ಲಿ ಆಜಾದ್ ಹಿಂದ್ ಫೌಜಿನ ಕರೆಯೂ ಕಿವಿಗೆ ಬೀಳುತ್ತಿತ್ತು. 1943ರಿಂದ ಭಾರತೀಯ ತುಕಡಿಗಳಲ್ಲಿ 'ಜೋಶ್' ಗುಂಪುಗಳೆಂಬ ಸಣ್ಣ ಕೂಟಗಳನ್ನು ಕಟ್ಟಿದರು. ಸೈನಿಕರು ತಮ್ಮ ಭಾಷೆಯಲ್ಲೇ ಕೂತು ಮಾತಾಡುವುದು, ಜಪಾನಿಯರ ಕ್ರೌರ್ಯದ ಸಂಗತಿಗಳನ್ನು ಹಂಚಿಕೊಳ್ಳುವುದು. ಪರದೆಯ ಬದಲು ಪಕ್ಕದವನನ್ನೇ ಮಾಧ್ಯಮ ಮಾಡಿಕೊಂಡ ಕ್ರಮ ಇದು. ಸ್ಟೌಫರ್ ಶಾಖೆಯ ಅಂಕಿಗಳನ್ನು ನೋಡಿದವರಿಗೆ ಇದೇ ಹೆಚ್ಚು ಬುದ್ಧಿವಂತಿಕೆಯ ದಾರಿ ಎನಿಸಿದರೆ ಆಶ್ಚರ್ಯವಿಲ್ಲ.

ನಾಗರಿಕರಿಗೆ ಮಾತ್ರ ಪರದೆಯೇ. 1940ರಲ್ಲಿ ಫಿಲ್ಮ್ ಅಡ್ವೈಸರಿ ಬೋರ್ಡ್, 1943ರಲ್ಲಿ ಇನ್ಫರ್ಮೇಶನ್ ಫಿಲ್ಮ್ಸ್ ಆಫ್ ಇಂಡಿಯಾ. ಕ್ವಿಟ್ ಇಂಡಿಯಾ ಚಳವಳಿಯ ಬಿಸಿ ಆರದಿದ್ದ ಕಾಲ, ಯುದ್ಧ ಪ್ರಚಾರದ ಚಿತ್ರವನ್ನು ಯಾರೂ ಬಯಸಿ ಹಾಕುವಂತಿರಲಿಲ್ಲ. ಡಿಫೆನ್ಸ್ ಆಫ್ ಇಂಡಿಯಾ ನಿಯಮಗಳಿಗೆ 44ಎ ಸೇರಿಸಿ, ಪ್ರತಿ ಆಟದಲ್ಲೂ 2,000 ಅಡಿಯವರೆಗೆ ಸರ್ಕಾರ ಒಪ್ಪಿದ ಚಿತ್ರ ತೋರಿಸುವುದು ಕಡ್ಡಾಯ ಮಾಡಿದರು. 35 ಮಿ.ಮೀ. ಲೆಕ್ಕದಲ್ಲಿ 22 ನಿಮಿಷ. ಯುದ್ಧ ಮುಗಿದು 1946ರಲ್ಲಿ ಸಂಸ್ಥೆ ಮುಚ್ಚಿತು, ಆದರೆ ಅಭ್ಯಾಸ ಸಾಯಲಿಲ್ಲ. ಸ್ವತಂತ್ರ ಸರ್ಕಾರ 1948ರಲ್ಲಿ ಫಿಲ್ಮ್ಸ್ ಡಿವಿಷನ್ ಕಟ್ಟಿ ಕಡ್ಡಾಯ ಪ್ರದರ್ಶನವನ್ನು ಥಿಯೇಟರ್ ಲೈಸೆನ್ಸಿಗೇ ಗಂಟು ಹಾಕಿತು. ನಮ್ಮ ಟೆಂಟುಗಳಲ್ಲಿ, ಟಾಕೀಸುಗಳಲ್ಲಿ ರಾಜ್‌ಕುಮಾರ್ ಬರುವುದಕ್ಕೆ ಮುಂಚೆ ಅಣೆಕಟ್ಟು, ಗೊಬ್ಬರ, ಕುಟುಂಬ ಯೋಜನೆಯ 'ನ್ಯೂಸ್ ರೀಲು' ಬರುತ್ತಿದ್ದದ್ದು ಆ ಯುದ್ಧಕಾಲದ ನಿಯಮದ ಮೊಮ್ಮಗ. ಬಹಳ ಮಂದಿ ಆ ಹೊತ್ತಿಗೆ ಹೊರಗೆ ಬೀಡಿ ಸೇದುತ್ತಲೋ ಟೀ ಕುಡಿಯುತ್ತಲೋ ನಿಂತಿರುತ್ತಿದ್ದರು. ಟಿಕೆಟ್ಟಿನ ಲೆಕ್ಕದಲ್ಲಿ ಅವರೂ ಪ್ರೇಕ್ಷಕರೇ. ಈಗಿನ ವ್ಯೂಸ್ ಲೆಕ್ಕಕ್ಕೂ ಇಂಥದೇ ಖೋಟಾ ಇದೆ: ಬೆರಳು ಸರಿಯುವಾಗ ತಾನೇ ಓಡಿದ ಕೆಲವು ಸೆಕೆಂಡೂ ಒಂದು ವ್ಯೂ.

ಹೋವ್‌ಲೆಂಡರ ಕ್ರಮವನ್ನು ಇವತ್ತು ಮರುಬಳಸಲು ದೊಡ್ಡ ಖರ್ಚೇನೂ ಇಲ್ಲ. ಒಂದೇ ಬ್ಯಾಚಿನ ಕೆಲವು ಪ್ಲಟೂನುಗಳಿಗೆ ವಿಡಿಯೋ, ಕೆಲವಕ್ಕೆ ಇಲ್ಲ. ಚೀಟಿ ಎತ್ತಿ ಆರಿಸಬೇಕು, ಮೇಲಧಿಕಾರಿಗೆ ಇಷ್ಟವಾದ ಪ್ಲಟೂನನ್ನಲ್ಲ. ಪ್ರಶ್ನಾವಳಿ ಹಂಚುವವರು ವಿಡಿಯೋ ಮಾಡಿದವರಾಗಿರಬಾರದು. ಮಾಹಿತಿಯ ಪ್ರಶ್ನೆ ಬೇರೆ, ಅಭಿಪ್ರಾಯದ್ದು ಬೇರೆ, ಇಚ್ಛೆಯದು ಬೇರೆ ಇರಬೇಕು; ಮೂರನ್ನೂ ಕಲಸಿ ಒಂದೇ ಅಂಕ ಕೊಟ್ಟರೆ ಮೊದಲನೆಯದರ ಏರಿಕೆಯೇ ಉಳಿದೆರಡರ ಸೊನ್ನೆಯನ್ನು ಮುಚ್ಚಿಹಾಕುತ್ತದೆ. ಮೊದಲ ಪರೀಕ್ಷೆ ಐದನೇ ದಿನ. ಎರಡನೆಯದು ಒಂಬತ್ತನೇ ವಾರ, ಬೇರೆ ಪ್ಲಟೂನುಗಳ ಮೇಲೆ. ಆ ಹೊತ್ತಿಗೆ ವಿಡಿಯೋ ಯಾರದೆಂದು ಹುಡುಗರು ಮರೆತಿರುತ್ತಾರೆ, ಮಾಡಿದ ತಂಡ ಅಷ್ಟರಲ್ಲಿ ಇನ್ನೂ ನಲವತ್ತು ವಿಡಿಯೋ ಬಿಟ್ಟಿರುತ್ತದೆ.